ದೊಡ್ಡಪ್ಪನ ಎರಡು ಪೆನ್ಷನ್

ಬೆಳಿಗ್ಗೆಯಿಂದ ಹೊಟ್ಟೆ ಉರೀತಾ ಇದೆ. ಬರೆಯದೆ ಇದ್ದರೆ ರಾತ್ರಿ ನಿದ್ದೆ ಬರಲ್ಲ.

ನಮ್ಮ ದೊಡ್ಡಪ್ಪನಿಗೆ ಸೈನ್ಯದ್ದೊಂದು, ರಾಜ್ಯ ಸರ್ಕಾರದ್ದೊಂದು, ಹೀಗೆ ಎರಡು ಪೆನ್ಷನ್ ಬರುತ್ತೆ. ನವೆಂಬರ್ ಬಂತಲ್ಲ, ಪೆನ್ಷನ್ ನಿಲ್ಲದೆ ಬರಲು ಬೇಕಾದ ಲೈಫ್ ಸರ್ಟಿಫಿಕೇಟ್ ಕೊಡಿಸಲು ಇವತ್ತು ಅವರನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಹೆಬ್ಬೆರಳು ಇಟ್ಟರೆ ಯಂತ್ರ ಒಪ್ಪಲೇ ಇಲ್ಲ. ಕರ್ಚೀಫಿನಲ್ಲಿ ಒರೆಸಿ ಇಟ್ಟರು. ಬಾಯಿಂದ ಊದಿ ಇಟ್ಟರು. ನಾಲ್ಕು ಸಲ ಆಯ್ತು. ಅಷ್ಟರಲ್ಲಿ ಸಾಲಿನ ಹಿಂದಿನಿಂದ ಒಬ್ಬರು ಎಲ್ಲರಿಗೂ ಕೇಳುವ ಹಾಗೆ ಅಂದರು: ‘ಇವರಿಗೇನ್ರೀ, ಮಿಲಿಟರಿದೊಂದು, ಸರ್ಕಾರದ್ದೊಂದು. ಎರಡೆರಡು ಪೆನ್ಷನ್!’

ದೊಡ್ಡಪ್ಪ ತಿರುಗಿ ನೋಡಲಿಲ್ಲ. ಕೊನೆಗೆ ಮೊಬೈಲಿನಲ್ಲಿ ಮುಖದ ಫೋಟೊ ತೆಗೆದರು. ‘ಕಣ್ಣು ಮಿಟುಕಿಸಿ ತಾತ’ ಅಂದಳು ಕೌಂಟರಿನ ಹುಡುಗಿ. ಮಿಟುಕಿಸಿದರು. ಬದುಕಿದ್ದಾರೆ ಅಂತ ದಾಖಲಾಯ್ತು.

ಎರಡು ಪೆನ್ಷನ್ ಅಂತಾರಲ್ಲ, ಲೆಕ್ಕ ಹಾಕೋಣ. 1964ರಲ್ಲಿ, 18ನೇ ವಯಸ್ಸಿಗೆ ಸೈನ್ಯ ಸೇರಿದರು. ಬೆಂಗಳೂರಿನ ಎಂಇಜಿ, ಅಂದರೆ ಮದ್ರಾಸ್ ಸ್ಯಾಪರ್ಸ್ ಅನ್ನೋ ಎಂಜಿನಿಯರ್ ಪಡೆ. ಪಾಕಿಸ್ತಾನದ ಜೊತೆ ಯುದ್ಧ ಆದಾಗ, 1971ರ ಡಿಸೆಂಬರ್‌ನಲ್ಲಿ ಶಕರ್‌ಗಢದ ಕಡೆ ಇದ್ದರು. ಬಸಂತರ್ ನದಿ ಹತ್ತಿರ ನೆಲದ ತುಂಬ ಹೂತಿಟ್ಟ ಮೈನ್ ಬಾಂಬು. ನಮ್ಮ ಟ್ಯಾಂಕುಗಳು ಮುಂದೆ ಹೋಗಬೇಕಾದರೆ ಮೊದಲು ಸ್ಯಾಪರ್‌ಗಳು ದಾರಿ ಮಾಡಿಕೊಡಬೇಕು. ‘ಆ ಚಳಿಗೆ ಬೆರಳು ಮರಗಟ್ಟೋದು ಕಣೋ. ಆದ್ರೂ ನಡುಗೋ ಹಾಗಿಲ್ಲ’ ಅಂತ ಒಂದೇ ಒಂದು ಸಲ ಹೇಳಿದ್ದರು. ಯಂತ್ರ ಇವತ್ತು ಒಪ್ಪದೇ ಇದ್ದದ್ದು ಆ ಬೆರಳನ್ನು.

17 ವರ್ಷ ಆದ ಮೇಲೆ, 35ನೇ ವಯಸ್ಸಿಗೆ ಸೈನ್ಯದಿಂದ ರಿಟೈರ್ ಆದರು. ಸಾಮಾನ್ಯ ಸೈನಿಕರನ್ನು ಆಗ ಆ ವಯಸ್ಸಿಗೇ ಮನೆಗೆ ಕಳಿಸುತ್ತಿದ್ದರು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಕ್ಕಳು ಆಗಿನ್ನೂ ಪ್ರೈಮರಿ ಶಾಲೆಯಲ್ಲಿದ್ದರು. ಆ ಪೆನ್ಷನ್ನಿನಲ್ಲಿ ಸಂಸಾರ ಸಾಗುತ್ತಿರಲಿಲ್ಲ. ಪರೀಕ್ಷೆ ಬರೆದು, ಮಾಜಿ ಸೈನಿಕರ ಮೀಸಲಾತಿಯಲ್ಲಿ ರಾಜ್ಯ ಸರ್ಕಾರದ ಗುಮಾಸ್ತ, ಎಸ್‌ಡಿಎ ಆದರು. ತಮಗಿಂತ ಹತ್ತು ವರ್ಷ ಚಿಕ್ಕವರಿಗೆ ಎದ್ದು ನಿಂತು ‘ಸಾರ್’ ಅಂದರು. 21 ವರ್ಷ ಫೈಲು ಹೊತ್ತು, 58ಕ್ಕೆ ಎರಡನೇ ಸಲ ರಿಟೈರ್ ಆದರು. ಪೂರ್ತಿ ಸರ್ವಿಸ್ ಆಗಲಿಲ್ಲ ಅಂತ ಆ ಪೆನ್ಷನ್ನೂ ಪೂರ್ತಿ ಇಲ್ಲ. ಎರಡು ಕಡೆ ದುಡಿದವರಿಗೆ ಎರಡು ಕಡೆಯಿಂದ ಬರುತ್ತೆ. ಇದರಲ್ಲಿ ಯಾರ ಗಂಟು ಹೋಯ್ತು?

ಇನ್ನೊಂದು ವಿಷಯ. 2006ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ನಿಗದಿತ ಪೆನ್ಷನ್ ಬದಲು, ಸಂಬಳದಲ್ಲಿ ಹಿಡಿದ ಹಣ ಕೂಡಿಡುವ ಎನ್‌ಪಿಎಸ್. ಈಗ ಸೈನ್ಯದಿಂದ ಬಂದು ಗುಮಾಸ್ತರಾಗುವವರಿಗೆ ದೊಡ್ಡಪ್ಪನ ಥರದ ಎರಡನೇ ಪೆನ್ಷನ್ ಇಲ್ಲ. ಮಾತು ಮಾತ್ರ ಹಾಗೇ ಉಳಿದಿದೆ.

ಕೂಲಿ ಮಾಡಿ ಸವೆದವರಿಗೆ ಒಂದು ಸರಿಯಾದ ಪೆನ್ಷನ್ನೂ ಇಲ್ಲವಲ್ಲ ಅಂತ ನೀವು ಕೇಳಬಹುದು. ನಿಜ, ಅವರಿಗೂ ಸಿಗಲೇಬೇಕು. ಆದರೆ ಬ್ಯಾಂಕಿನ ಸಾಲಿನಲ್ಲಿ ದೊಡ್ಡಪ್ಪನನ್ನು ಚುಚ್ಚಿದರೆ ಆ ಕೂಲಿಯವನ ಕೈಗೆ ಏನು ಬರುತ್ತೆ?

ಒಂದು ಮಾತು ಒಪ್ಪಿಕೊಳ್ಳಬೇಕು. 24ನೇ ವಯಸ್ಸಿನಲ್ಲಿ, ಎರಡೇ ಅಂಕಕ್ಕೆ ನನಗೆ ಕೆಲಸ ತಪ್ಪಿದಾಗ, ‘ನಿಮ್ಮಂಥ ಕೋಟಾದವರಿಂದಲೇ ಹೀಗಾಗಿದ್ದು’ ಅಂತ ಅವರ ಮುಖಕ್ಕೇ ಅಂದಿದ್ದೆ. ಅವರು ಶರ್ಟಿಗೆ ಇಸ್ತ್ರಿ ಹಾಕ್ತಿದ್ದರು. ಕೈ ನಿಲ್ಲಿಸಲಿಲ್ಲ. ಕಾಲರ್ ಮುಗಿಸಿ, ತೋಳು ಮುಗಿಸಿ, ಶರ್ಟು ಮಡಚಿಟ್ಟು, ‘ಊಟ ಮಾಡಿದ್ಯೇನೋ?’ ಅಂದರು. ನಾನು ಇವತ್ತಿಗೂ ಕ್ಷಮೆ ಕೇಳಿಲ್ಲ. ಇವತ್ತು ಸಾಲಿನಲ್ಲೂ ಬಾಯಿ ಬಿಡಲಿಲ್ಲ. ಆ ಮಾತು ಒಂದು ಕಾಲಕ್ಕೆ ನನ್ನದೇ ಆಗಿತ್ತಲ್ಲ, ಗಂಟಲು ಕಟ್ಟಿಹೋಯ್ತು.

ಮುಂದಿನ ವರ್ಷ ದೊಡ್ಡಪ್ಪನಿಗೆ 80 ತುಂಬುತ್ತೆ. ಮಿಲಿಟರಿ ಪೆನ್ಷನ್ 20% ಜಾಸ್ತಿ ಆಗುತ್ತೆ. ಲೈಫ್ ಸರ್ಟಿಫಿಕೇಟನ್ನು ಅಕ್ಟೋಬರ್‌ನಲ್ಲೇ ಕೊಡಬಹುದು. ಆಗಲೂ ನಾನೇ ಕರೆದುಕೊಂಡು ಹೋಗ್ತೀನಿ. ಯಾರಾದರೂ ಮತ್ತೆ ಅದೇ ಮಾತು ಎತ್ತಿದರೆ ಈ ಸಲದ ಹಾಗೆ ಸುಮ್ನೆ ನಿಲ್ಲಲ್ಲ.