ಪುಕ್ಕಟೆ ಕೋಟೆಗೊಂದು ಮುಹೂರ್ತ

ಎಡ ಅಂಗೈಗೆ ಬರ್ನಾಲ್ ಹಚ್ಚಿಕೊಂಡು ಬಲಗೈಯಿಂದ ಇದನ್ನು ಬರೆಯುತ್ತಿದ್ದೇನೆ. ಕೈ ಸುಟ್ಟದ್ದು ಒಲೆಯಿಂದಲೂ ಅಲ್ಲ, ಸ್ಕೂಟರಿನ ಸೈಲೆನ್ಸರಿನಿಂದಲೂ ಅಲ್ಲ. ನಮ್ಮ ಕಲಬುರಗಿ ಕೋಟೆಯ ಮೇಲಿರುವ ಹಳೆಯ ತೋಪಿನಿಂದ. ಮದ್ದಿಲ್ಲದೆ, ಗುಂಡಿಲ್ಲದೆ ಆ ತೋಪು ಒಬ್ಬ ಬಡ ನೌಕರನನ್ನು ಗಾಯಗೊಳಿಸಿತೆಂದರೆ ಅದಕ್ಕೆ ಅರ್ಧ ಕಾರಣ ಏಪ್ರಿಲ್ ತಿಂಗಳ ಬಿಸಿಲು, ಇನ್ನರ್ಧ ನಮ್ಮ ಭಾವನವರು.

ಭಾವನವರು ಬ್ಯಾಂಕಿನಿಂದ ನಿವೃತ್ತರಾದವರು. ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಪುಟ್ಟ ಡೈರಿ ಇರುತ್ತದೆ. ಅದರಲ್ಲಿ ಜಮಾ, ಖರ್ಚು, ಉಳಿತಾಯ ಎಂದು ಮೂರು ಮನೆಗಳು. ಮೊದಲಿನ ಎರಡು ನಮಗೆಲ್ಲ ಅರ್ಥವಾಗುವಂಥವು. ಮೂರನೆಯದು ಮಾತ್ರ ಅವರ ಸ್ವಂತ ಸಂಶೋಧನೆ. ಖರ್ಚಾಗಬಹುದಾಗಿದ್ದು ಆಗದೆ ತಪ್ಪಿಹೋದ ಹಣವನ್ನು ಅವರು ಅಲ್ಲಿ ಬರೆಯುತ್ತಾರೆ. ಸೂಪರ್ ಮಾರ್ಕೆಟ್‌ವರೆಗೆ ನಡೆದುಹೋದರೆ 'ಆಟೋ 40' ಎಂದೂ, ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ವೈದ್ಯರಿಗೆ ಮೊಣಕಾಲು ನೋವಿನ ವಿಚಾರ ಹೇಳಿ ಸಲಹೆ ಪಡೆದರೆ 'ಫೀಸು 400' ಎಂದೂ ಅಲ್ಲಿ ದಾಖಲಾಗುತ್ತದೆ. ಈ ಲೆಕ್ಕದ ಪ್ರಕಾರ ಅವರ ವಾರ್ಷಿಕ ಉಳಿತಾಯ ಪಿಂಚಣಿಗಿಂತಲೂ ಹೆಚ್ಚು. "ಹಂಗಾದರ ಆ ರೊಕ್ಕ ಎಲ್ಲದರಿ?" ಎಂದು ಅಕ್ಕ ಒಮ್ಮೆ ಕೇಳಿದ್ದಳು. "ಖರ್ಚಾಗಿಲ್ಲಲ್ಲ, ಅದೇ ಅದ" ಎಂದು ಉತ್ತರ ಬಂದ ಮೇಲೆ ಅವಳು ಜೋಳದ ರೊಟ್ಟಿ ಬಡಿಯುವ ಸದ್ದನ್ನು ತುಸು ಜೋರು ಮಾಡಿಕೊಂಡಳು.

ಅಕ್ಕನ ಮಗಳು ಇಟಲಿಯ ಮಿಲಾನಿನಲ್ಲಿ ಓದುತ್ತಿದ್ದಾಳೆ. ಈ ಬೇಸಿಗೆಗೆ ಅಲ್ಲಿಯ ಗೆಳತಿಯೊಬ್ಬಳನ್ನು ಕರೆದುಕೊಂಡು ಊರಿಗೆ ಬಂದಿದ್ದಳು. ಏಪ್ರಿಲ್ 15ಕ್ಕೆ ಬೆಳಗಿನ ತಂಪಿನಲ್ಲಿ ನಮ್ಮ ಕೋಟೆ ನೋಡುವುದು, ಮರುದಿನ ರಾತ್ರಿ ಬಸ್ಸು ಹತ್ತಿ 17, 18ರಂದು ಹಂಪಿ ನೋಡುವುದು ಎಂದು ಹುಡುಗಿಯರಿಬ್ಬರೂ ಮೊದಲೇ ಎಲ್ಲವನ್ನೂ ಹೊಂದಿಸಿಕೊಂಡಿದ್ದರು. ಇದರಲ್ಲಿ ಕೈಯಾಡಿಸುವ ಅಗತ್ಯ ಯಾರಿಗೂ ಇರಲಿಲ್ಲ.

ಆದರೆ ಭಾವನವರು ಹಿಂದೊಮ್ಮೆ ವಿಜಯಪುರಕ್ಕೆ ಹೋಗಿ ಗೋಳಗುಮ್ಮಟದ ಟಿಕೆಟ್ ಖಿಡಕಿಯ ಮುಂದೆ ನಿಂತು ಬಂದವರು. ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300 ರೂಪಾಯಿ ಎಂಬ ಫಲಕ ಅವರ ಮನಸ್ಸಿನಲ್ಲಿ ಅಂದಿನಿಂದಲೂ ಮುಳ್ಳಿನಂತೆ ನಟ್ಟಿತ್ತು. ಅದೇ ಗುಮ್ಮಟ, ಅದೇ ಮೆಟ್ಟಿಲು, ಕೂಗಿದರೆ ಮರಳಿ ಬರುವುದೂ ಅದೇ ಪ್ರತಿಧ್ವನಿ. ಹಾಗಿರುವಾಗ ಹನ್ನೆರಡು ಪಟ್ಟು ಏಕೆ ಎಂಬುದು ಅವರ ಪ್ರಶ್ನೆ. 'ಅತಿಥಿ ದೇವೋ ಭವ' ಎಂದು ಗೋಡೆಯ ಮೇಲೆ ಬರೆಯಿಸಿದವರೇ ದೇವರಿಗೆ ಹನ್ನೆರಡು ಪಟ್ಟು ಹಾಕಿದರೆ ಹೇಗೆ ಎಂದು ಅವರು ಕೇಳಿದಾಗ, ನಿಜ ಹೇಳಬೇಕೆಂದರೆ, ನನ್ನಲ್ಲಿಯೂ ಉತ್ತರವಿರಲಿಲ್ಲ. ಸಾರ್ಕ್ ಮತ್ತು ಬಿಮ್‌ಸ್ಟೆಕ್ ಕೂಟದ ದೇಶಗಳವರಿಗೆ, ಅಂದರೆ ನೇಪಾಳ, ಶ್ರೀಲಂಕಾ, ಥಾಯ್ಲೆಂಡಿನವರಿಗೆ ಇಂಥ ಕಡೆ ನಮ್ಮದೇ ದರ ಎಂದು ಮಗಳು ಹೇಳಿದ ಕೂಡಲೇ, "ಈಕಿ ಊರು ಆ ಕಡೆ ಎಲ್ಲರೆ ಬರ್ತದೇನು ಕೇಳವ್ವ" ಎಂದು ಆಸೆಯಿಂದ ವಿಚಾರಿಸಿದರು. ಬರುವುದಿಲ್ಲವೆಂದು ತಿಳಿದು ಅವರಿಗೆ ಇಟಲಿಯ ಭೂಗೋಳದ ಮೇಲೆಯೇ ಬೇಸರವಾಯಿತು.

ಅನಾಹುತಕ್ಕೆ ದಾರಿ ತೆರೆದವಳು ಪಾಪ, ಆ ಅತಿಥಿಯೇ. ತಮ್ಮ ದೇಶದಲ್ಲಿ 2014ರಿಂದ ಪ್ರತಿ ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಮ್ಮುಗಳಿಗೂ ಪುರಾತನ ಸ್ಥಳಗಳಿಗೂ ಪ್ರವೇಶ ಉಚಿತವೆಂದೂ, ಊರಿನವರು ಪರದೇಶಿಗಳು ಎಂಬ ಭೇದ ಆ ದಿನ ಇಲ್ಲವೆಂದೂ ಆಕೆ ಊಟದ ಹೊತ್ತಿನಲ್ಲಿ ಹೇಳಿಬಿಟ್ಟಳು. ಸಾಲು ನೋಡಿಯೇ ಜೀವ ಬೇಸತ್ತು ತಾನು ಆ ದಿನ ಮನೆಯಲ್ಲೇ ಇರುತ್ತೇನೆ ಎಂಬುದನ್ನೂ ಸೇರಿಸಿದಳು. ಭಾವನವರಿಗೆ ಆ ಭಾಗ ಕೇಳಿಸಲಿಲ್ಲ. ನಮ್ಮಲ್ಲಿಯೂ ಅಂಥದ್ದೊಂದು ದಿನ ಇದೆಯೇ ಎಂದು ಮಗಳ ಫೋನಿನಲ್ಲಿ ಹುಡುಕಿಸಿದರು. ಏಪ್ರಿಲ್ 18ರ ವಿಶ್ವ ಪರಂಪರೆ ದಿನದಂದು ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಿಗೆ ದೇಶಿ, ವಿದೇಶಿ ಎನ್ನದೆ ಎಲ್ಲರಿಗೂ ಪ್ರವೇಶ ಉಚಿತ ಎಂಬ ಸುದ್ದಿ ಸಿಕ್ಕಿತು. ಆಗ ನಮ್ಮ ಭಾವನವರ ಮುಖದ ಮೇಲೆ ಮೂಡಿದ ಬೆಳಕನ್ನು ನಾನು ಅಕ್ಕನ ಮದುವೆಯಲ್ಲಿಯೂ ಕಂಡಿರಲಿಲ್ಲ. ಕೋಟೆಯ ಭೇಟಿ 18ಕ್ಕೆ ಮುಂದೆ ಹೋಯಿತು, ಬಸ್ಸಿನ ಟಿಕೆಟ್ ರದ್ದಾಯಿತು, ಹಂಪಿ 20ಕ್ಕೆ ಸರಿಯಿತು. ಒಬ್ಬ ವಿದೇಶಿಗೆ 300, ನಾವು ಐದು ಜನಕ್ಕೆ 125, ಒಟ್ಟು 425 ಎಂದು ಉಳಿತಾಯದ ಮನೆಯಲ್ಲಿ ಮೂರು ದಿನ ಮುಂಚಿತವಾಗಿಯೇ ಜಮೆಯಾಯಿತು.

ನಮ್ಮ ಕೋಟೆಗೆ ಟಿಕೆಟ್ ಇದೆಯೇ ಎಂದು ಆಗ ನಾವು ಯಾರೂ ಕೇಳಲಿಲ್ಲ. ಭಾವನವರನ್ನು ಬೈಯುವ ಮುನ್ನ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಇದೇ ಊರಿನಲ್ಲಿ ಹುಟ್ಟಿ, ಇದೇ ಊರಿನಲ್ಲಿ ತಲೆ ನರೆಸಿಕೊಂಡ ನನಗೂ ಅದು ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಹೊತ್ತು ನೆತ್ತಿಗೇರುವಷ್ಟರಲ್ಲಿ ನೌಕರನು ಮನೆ ಸೇರಿ, ಕೂಲರಿಗೆ ನೀರು ತುಂಬಿ, ಅದರ ಮುಂದೆ ಮಲಗಲಿ ಎಂಬ ಕರುಣೆಯಿಂದ ಮಾಡಿದ ವ್ಯವಸ್ಥೆ ಅದು. ಭಾವನವರು ಅದನ್ನು ಬೇರೆ ರೀತಿಯಲ್ಲಿ ಅರ್ಥ ಮಾಡಿಕೊಂಡರು. "ಒಂದೂವರಿಗೆ ನಿಮ್ಮ ಆಫೀಸ್ ಬಿಡ್ತದಲ್ಲ, ಎರಡಕ್ಕ ಹೊಂಡಾಮು, ರಜೆ ಹಾಕೋದು ಉಳೀತದ" ಎಂದರು. ನಾಯಿಗಳೂ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ಒಂದರಲ್ಲಿ ಹಿಡಿಸದೆ ಎರಡು ಆಟೋ ಮಾಡಿಕೊಂಡು, ಆರು ಜನ ಕೋಟೆಯ ಬಾಗಿಲಿಗೆ ಬಂದಿಳಿದೆವು.

ಸುಮ್ಮನೆ ಒಳಗೆ ನಡೆದುಹೋಗಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಭಾವನವರಿಗೆ 'ಇವತ್ತು ಉಚಿತ, ಹೋಗಿರಿ' ಎಂಬ ಮಾತನ್ನು ಸಂಬಂಧಪಟ್ಟವರ ಬಾಯಿಂದಲೇ ಕೇಳಬೇಕಿತ್ತು. ಅದನ್ನು ಕೇಳದಿದ್ದರೆ ಉಳಿಸಿದ ಸುಖವೇ ಇಲ್ಲವಲ್ಲ! ನಮ್ಮನ್ನೆಲ್ಲ ಬಿಸಿಲಿನಲ್ಲಿ ನಿಲ್ಲಿಸಿ ಅವರು ಟಿಕೆಟ್ ಖಿಡಕಿ ಹುಡುಕಲು ಹೊರಟರು. ಬಾಗಿಲಿನ ಎಡಕ್ಕೆ ಹೋದರು, ಬಲಕ್ಕೆ ಹೋದರು, ಗೋಡೆಯಲ್ಲಿದ್ದ ಒಂದು ಗೂಡಿಗೆ ಬಗ್ಗಿ ನೋಡಿದರು. ಅಲ್ಲಿದ್ದ ಪಾರಿವಾಳ ಹಾರಿಹೋಯಿತು. ಕಡೆಗೆ ಸೈಕಲ್ ತುಳಿಯುತ್ತ ಬಂದ ಹತ್ತು ವರ್ಷದ ಹುಡುಗನೊಬ್ಬನನ್ನು ಅಡ್ಡಗಟ್ಟಿದರು.

"ಟಿಕೆಟ್ ಎಲ್ಲಿ ಕೊಡ್ತಾರಪಾ?"

"ಯಾವ ಟಿಕೀಟ್ರಿ ಮುತ್ಯಾ? ನಮ್ಮನಿ ಇಲ್ಲೇ ಕೋಟಿ ಒಳಗದ. ಮನಿಗಿ ಹೋಗ್ಲಾಕ ಟಿಕೀಟ್ ತೆಗಿಸ್ತಾರೇನ್ರಿ?"

ಕೋಟೆಯೊಳಗೆ ಬಹಳ ಕುಟುಂಬಗಳು ತಲೆತಲಾಂತರದಿಂದ ವಾಸವಾಗಿರುವುದು ಊರಿಗೆಲ್ಲ ತಿಳಿದ ಸಂಗತಿ. ಆ ಕ್ಷಣಕ್ಕೆ ಅದು ನಮ್ಮಲ್ಲಿ ಒಬ್ಬರಿಗೂ ನೆನಪಿರಲಿಲ್ಲ. 'ಮುತ್ಯಾ' ಎಂದು ಕರೆಸಿಕೊಂಡದ್ದನ್ನು ನುಂಗಿಕೊಂಡು ಭಾವನವರು ಹುಡುಗನಿಗೆ ತಿಳಿಹೇಳಲು ಹೊರಟರು.

"ಇವತ್ತ ಪರಂಪರೆ ದಿನ ಅದಪಾ, ಅದಕ್ಕ ಫ್ರೀ ಬಿಟ್ಟಾರ."

"ನಿನ್ನೀನೂ ಬಿಟ್ಟಿದ್ರು" ಎಂದ ಹುಡುಗ ಸ್ವಲ್ಪ ಯೋಚಿಸಿ, "ನಾಳಿನೂ ಬಿಡ್ತಾರ" ಎಂದು ಧೈರ್ಯ ಹೇಳಿ ಸೈಕಲ್ ತುಳಿದುಕೊಂಡು ಕೋಟೆಯೊಳಗೆ ಹೊರಟುಹೋದ.

ಮುಂದಿನ ಎರಡು ನಿಮಿಷ ಯಾರೂ ಮಾತನಾಡಲಿಲ್ಲ. ಅಕ್ಕನ ಮಗಳು ಫೋನಿನಲ್ಲಿ ಮುಖ ಹುದುಗಿಸಿ, ದೇಶದಲ್ಲಿ ಸಂರಕ್ಷಿತ ಸ್ಮಾರಕಗಳು 3,600ಕ್ಕೂ ಹೆಚ್ಚಿದ್ದರೂ ಟಿಕೆಟ್ ಇರುವುದು ನೂರೈವತ್ತರೊಳಗಿನ ಸಂಖ್ಯೆಗೆ ಮಾತ್ರ ಎಂಬ ಜ್ಞಾನವನ್ನು ಮೂರು ದಿನ ತಡವಾಗಿ ಹೊರತೆಗೆದಳು. ಇಟಲಿಯ ಹುಡುಗಿಗೆ ವಿಷಯವನ್ನು ಅನುವಾದಿಸಿ ಹೇಳಿದಾಗ ಆಕೆ ನಗದೆ ಇರಲು ಬಹಳ ಶ್ರಮಪಟ್ಟಳು; ಆ ಸೌಜನ್ಯಕ್ಕಾಗಿಯೇ ಆಕೆಯ ಮೇಲೆ ನನಗೆ ಗೌರವ ಹುಟ್ಟಿತು.

ಓಡಿದಂತೆ ನಡೆದು ಜಾಮಿ ಮಸೀದಿಯ ನೆರಳು ಸೇರಿದೆವು. 1367ರ ಈ ಮಸೀದಿಗೆ ತೆರೆದ ಅಂಗಳವಿಲ್ಲ. ಇಡೀ ಕಟ್ಟಡವೇ ಗುಮ್ಮಟಗಳಿಂದ ಮುಚ್ಚಿಕೊಂಡಿದೆ. ಕಟ್ಟಿಸಿದವರಿಗೆ ಕಲಬುರಗಿಯ ಏಪ್ರಿಲ್ ಚೆನ್ನಾಗಿ ಗೊತ್ತಿತ್ತೆಂದೇ ನನ್ನ ನಂಬಿಕೆ. ಅಗಲವಾದ ಕಮಾನುಗಳ ಕೆಳಗೆ ತಣ್ಣಗೆ ಕುಳಿತಾಗ ನನಗೆ ಅಪ್ಪನ ನೆನಪಾಯಿತು. ನಾನು ಮೂರನೆಯ ಇಯತ್ತೆಯಲ್ಲಿದ್ದಾಗ ಸೈಕಲಿನ ಮುಂದಿನ ದಂಡಿಗೆಯ ಮೇಲೆ ಟವೆಲ್ ಸುತ್ತಿ ಕೂರಿಸಿಕೊಂಡು ಬಂದು, ಇಲ್ಲಿಯೇ ಹೊರಗೆ ಬುತ್ತಿ ಬಿಚ್ಚಿ ಶೇಂಗಾ ಹಿಂಡಿ, ರೊಟ್ಟಿ ತಿನ್ನಿಸಿದ್ದ. ನನ್ನ ಮಕ್ಕಳನ್ನು ನಾನು ಮೈಸೂರಿಗೆ ಕರೆದೊಯ್ದು ಅರಮನೆಯ ಸಾಲಿನಲ್ಲಿ ನಿಲ್ಲಿಸಿದ್ದೇನೆ. ಮನೆಯಿಂದ ಮೂರು ಕಿಲೋಮೀಟರ್ ದೂರದ ಈ ನೆರಳಿಗೆ ಒಮ್ಮೆಯೂ ತಂದಿಲ್ಲ.

ಆ ಹೊತ್ತಿನಲ್ಲಿ ಅಕ್ಕನ ಮಗಳು ಗೆಳತಿಗೆ ಬಹಮನಿಯವರ ರಾಜಧಾನಿ ಇಲ್ಲಿಂದ ಬೀದರಿಗೆ ಹೋದ ಕಥೆ ಹೇಳುತ್ತಿದ್ದಳು. 15ನೆಯ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್, ಸುಲ್ತಾನನ ಅರಮನೆಗೆ ಏಳು ಬಾಗಿಲುಗಳಿದ್ದವೆಂದೂ, ಒಂದೊಂದರಲ್ಲಿಯೂ ನೂರು ಕಾವಲುಗಾರರು, ನೂರು ಕರಣಿಕರು ಕುಳಿತು ಹೋಗಿಬರುವವರ ಹೆಸರು ಬರೆದುಕೊಳ್ಳುತ್ತಿದ್ದರೆಂದೂ, ಪರದೇಶಿಗಳನ್ನು ಮಾತ್ರ ಒಳಗೆ ಬಿಡುತ್ತಿರಲಿಲ್ಲವೆಂದೂ ಬರೆದಿಟ್ಟಿದ್ದಾನೆ. ಬಾಗಿಲ ಬಳಿಯ ಅವಮಾನದಿಂದ ಅಲ್ಲಿಯವರೆಗೆ ಮೌನವಾಗಿದ್ದ ಭಾವನವರು ಈಗ ಚೇತರಿಸಿಕೊಂಡರು. "ಏಳೆರಡಲೆ ಹದಿನಾಲ್ಕು, ಅಂದರ ಸಾವಿರದ ನಾನೂರು ಮಂದಿ! ಪರದೇಶದವರಿಗಿ ಟಿಕೆಟ್ ಹಚ್ಚದೆ ಅಷ್ಟು ಮಂದಿಗಿ ಪಗಾರ ಎಲ್ಲಿಂದ ಕೊಡ್ತಿದ್ದರವ್ವ?" ಎಂದು ಕೇಳಿದರು. ಅದೇ ನಿಕಿತಿನ್ ತನ್ನ ಕುದುರೆಯನ್ನು ಸಾಕಲು ತಗುಲಿದ ಖರ್ಚನ್ನೂ ಬರೆದಿಟ್ಟಿದ್ದಾನೆಂದು ತಿಳಿದ ಮೇಲೆ, ನೋಡು, ಮನುಷ್ಯ ಅಂದರೆ ಹಾಗಿರಬೇಕು ಎಂಬಂತೆ ನನ್ನ ಕಡೆ ತಿರುಗಿದರು.

ತೋಪಿನ ಪ್ರಸಂಗ ಚಿಕ್ಕದು. ಬಂದದ್ದಕ್ಕೆ ಒಂದು ಫೋಟೋ ಇರಲಿ ಎಂದು ಭಾವನವರು ನನ್ನನ್ನು ಬಾರಾ ಗಜಿ ತೋಪಿನ ಪಕ್ಕದಲ್ಲಿ ನಿಲ್ಲಿಸಿ, "ಕೈ ಇಡೋ, ಚಂದ ಕಾಣ್ತದ" ಎಂದರು. ನಾನು ಇಟ್ಟೆ. ಫೋಟೋದಲ್ಲಿ ನನ್ನ ಬಾಯಿ ಪೂರ್ತಿ ತೆರೆದಿದೆ. ನೋಡಿದವರೆಲ್ಲ ನಾನು ಸಂತೋಷದಿಂದ ಕೂಗುತ್ತಿದ್ದೇನೆಂದು ತಿಳಿದಿದ್ದಾರೆ.

ಆಟೋಗೆ ಹೋಗಿಬರುವುದಕ್ಕೆ 320, ನೀರಿನ ಬಾಟಲಿಗೆ 120, ಔಷಧದ ಅಂಗಡಿಯಲ್ಲಿ 95. ಇವುಗಳಲ್ಲಿ ಯಾವುದೂ ಭಾವನವರ ಖರ್ಚಿನ ಮನೆಯಲ್ಲಿ ಕಾಣಿಸುವುದಿಲ್ಲ, ಏಕೆಂದರೆ ಎಲ್ಲವನ್ನೂ ಕೊಟ್ಟವನು ನಾನು. ಇಲ್ಲದ ಟಿಕೆಟಿನ 425 ಮಾತ್ರ ಉಳಿತಾಯದಲ್ಲಿ ಹಾಗೆಯೇ ಉಳಿದಿದೆ. ಅದನ್ನು ಹೊಡೆದುಹಾಕಿರಿ ಎಂದರೆ, "ಇದ್ದಿದ್ದರ ಕೊಡಬೇಕಾಗ್ತಿತ್ತಿಲ್ಲೋ?" ಎನ್ನುತ್ತಾರೆ.

ಹಂಪಿಗೆ ಹೋದ ಹುಡುಗಿಯರಿಂದ ನಿನ್ನೆ ಸಂಜೆ ಒಂದು ಫೋಟೋ ಬಂತು. ವಿಜಯ ವಿಠ್ಠಲನ ಕಲ್ಲಿನ ರಥದ ಮುಂದೆ ಇಟಲಿಯ ಹುಡುಗಿ ತನ್ನ 600 ರೂಪಾಯಿಯ ಟಿಕೆಟನ್ನು ಪತಾಕೆಯಂತೆ ಎತ್ತಿ ಹಿಡಿದಿದ್ದಳು. ಕೆಳಗೆ ಅಕ್ಕನ ಮಗಳು, '18ಕ್ಕೆ ಬಂದಿದ್ದರೆ ಇಲ್ಲಿ ಇದು ಉಚಿತವಿತ್ತು ಅಪ್ಪಾ' ಎಂದು ಬರೆದಿದ್ದಳು.

ಭಾವನವರು ಕನ್ನಡಕ ಹಾಕಿಕೊಂಡು ಫೋಟೋವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಡೈರಿ ತೆರೆದರು. ಪೆನ್ನಿನ ಮುಚ್ಚಳ ತೆಗೆದು ಯಾವ ಮನೆಯಲ್ಲಿ ಬರೆಯಬೇಕೆಂದು ತೋಚದೆ ಮತ್ತೆ ಹಾಕಿದರು. ಕಡೆಗೆ, "ಅದೇ ಟಿಕೆಟಿನ ಮ್ಯಾಲೆ ಅದೇ ದಿನ ಕಮಲಾಪುರದ ಮ್ಯೂಸಿಯಮ್ಮೂ ನೋಡಬಹುದಂತ. ನೋಡ್ಯಾರೇನು ಕೇಳು ಲಗೂನ" ಎಂದು ಫೋನನ್ನು ನನ್ನ ಕೈಗಿತ್ತರು.

ಕೇಳಿದೆ. ಬಸ್ಸು ಹತ್ತಿಬಿಟ್ಟಿದ್ದೇವೆ ಎಂದು ಉತ್ತರ ಬಂತು.