ಸುಮ್ನೆ ಕೂತ್ಕೋ, ನಂಬರ್ ಬರ್ಲಿ

ನನ್ನ ಮಗನಿಗೆ 9 ವರ್ಷ. ಕ್ಲಾಸಲ್ಲಿ ಸುಮ್ಮನೆ ಕೂರುವುದಿಲ್ಲ, ಸರದಿ ಬರುವ ತನಕ ಕಾಯುವುದಿಲ್ಲ ಅಂತ ಶಾಲೆಯಿಂದ ಚೀಟಿ ಬಂತು. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಇದೆಯೋ ಇಲ್ಲವೋ ತೋರಿಸಿಕೊಂಡು ಬನ್ನಿ ಅಂದರು. ಮುಂಬೈಯಲ್ಲಿ ಇದಕ್ಕೆ ಎರಡು ದಾರಿ. ಒಂದರಲ್ಲಿ, ಸುಮ್ಮನೆ ಕೂರಲಾಗದ ಮಗುವನ್ನು ಮೊದಲು ಐದು ಗಂಟೆ ಸುಮ್ಮನೆ ಕೂರಿಸುತ್ತಾರೆ. ಇನ್ನೊಂದರಲ್ಲಿ ಮಗುವನ್ನು ಕಾಯಿಸುವುದೇ ಇಲ್ಲ. ಅಪ್ಪನ ಕಾರ್ಡ್ ಸಾಕು.

ಮಾಟುಂಗದಲ್ಲಿ ಹೋಟೆಲ್ ಇಟ್ಟಿರುವ ಭಾವನನ್ನು ಕೇಳಿದೆ. "ಎಂತ ಮಾರಾಯ, ಮೊನ್ನೆ ಯಕ್ಷಗಾನದಲ್ಲಿ ಚೆಂಡೆ ಎದುರು ಮೂರು ಗಂಟೆ ಅಲ್ಲಾಡದೆ ಕೂತಿದ್ದ. ಅವನಿಗೆಂತ ಕಾಯಿಲೆ?" ಅಂದರು. ಇಷ್ಟವಾದದ್ದರಲ್ಲಿ ಮುಳುಗಿಹೋಗುವುದೂ ಇಂಥ ಮಕ್ಕಳಲ್ಲಿ ಇರುತ್ತದೆ ಅಂತ ಹೇಳಿದೆ. ಭಾವ ಸ್ವಲ್ಪ ಯೋಚಿಸಿ, "ಹಾಗಾದ್ರೆ ನಮ್ಮ ಭಾಗವತರಿಗೂ ಉಂಟು" ಅಂದರು.

ಮೊದಲು ಪ್ರೈವೇಟಿಗೆ ಹೋದೆವು. ಗಾಜಿನ ಕಟ್ಟಡ, ತಣ್ಣಗಿನ ಎಸಿ. ಕೌಂಟರಿನ ಹುಡುಗಿ ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಮೂರು ಪ್ಯಾಕೇಜ್ ಮುಂದಿಟ್ಟಳು. ಪ್ಲಾಟಿನಂ ತಗೊಂಡರೆ ಬ್ರೇನ್ ಮ್ಯಾಪಿಂಗ್ ಕೂಡ ಸಿಗುತ್ತದೆ. ಎಡಿಎಚ್‌ಡಿಯನ್ನು ರಕ್ತ ತೆಗೆದು, ಸ್ಕ್ಯಾನ್ ಮಾಡಿ ಹಿಡಿಯಲು ಬರುವುದಿಲ್ಲ. ಮನೆಯವರನ್ನು, ಟೀಚರನ್ನು ಕೇಳಿ, ಮಗುವನ್ನು ನೋಡಿ ಹೇಳಬೇಕು, ಅಲ್ವಾ ಅಂದೆ. "ಹೌದು ಸರ್, ಆದ್ರೆ ಪ್ಲಾಟಿನಂ ರಿಪೋರ್ಟ್‌ನಲ್ಲಿ ಕಲರ್ ಚಿತ್ರ ಇರುತ್ತೆ" ಅಂದಳು. ನಾವು ಸಿಲ್ವರ್ ಜನ. 18,000 ರೂಪಾಯಿ.

ಮನಸ್ಸಿನ ಕಾಯಿಲೆಗೂ ದೇಹದ ಕಾಯಿಲೆಯ ಹಾಗೇ ವಿಮೆ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ. ಧೈರ್ಯ ಮಾಡಿ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿದೆ. "ಖಂಡಿತ ಸರ್. ಮಗು ಯಾವ ವಾರ್ಡಿನಲ್ಲಿ ಅಡ್ಮಿಟ್ ಆಗಿದೆ?"

ಪ್ರಶ್ನೆಗಳ ಹಾಳೆ ತುಂಬುವ ಕೆಲಸ ಮಾತ್ರ ನಮ್ಮದೇ. ಲಕ್ಷಣಗಳು ಒಟ್ಟು 18. ಗಮನ ಜಾರುವುದಕ್ಕೆ 9, ಚಡಪಡಿಕೆಗೆ 9. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ 6 ಇದ್ದರೆ ಮುಂದಿನ ಮಾತು. 'ಕೂತಿರಬೇಕಾದ ಕಡೆ ಎದ್ದುಬಿಡುತ್ತಾನೆಯೇ?' ಇದನ್ನು ಬರೆದವರು ನಮ್ಮ ಲೋಕಲ್ ಹತ್ತಿದವರಲ್ಲ. ಡೊಂಬಿವಲಿಯಿಂದ ಹೊರಟ ಫಾಸ್ಟ್ ಗಾಡಿ ಕುರ್ಲಾ ದಾಟುವುದೇ ತಡ, ಅರ್ಧ ಡಬ್ಬಿ ಎದ್ದು ಬಾಗಿಲಿಗೆ ಅಂಟಿಕೊಳ್ಳುತ್ತದೆ. ದಾದರಿನಲ್ಲಿ ಇಳಿಯಬೇಕಲ್ಲ!

22 ಪುಟದ ರಿಪೋರ್ಟ್ ಬಂತು. ಸ್ಪೈರಲ್ ಬೈಂಡಿಂಗ್ ಬೇರೆ. ಶಾಲೆಯಲ್ಲಿ ಅದನ್ನು ಬಿಚ್ಚಿಯೂ ನೋಡಲಿಲ್ಲ. "ಪ್ರೈವೇಟ್ ನಡೆಯಲ್ಲ. ಸರ್ಕಾರಿ ಮೊಹರು ಬೇಕು."

ಸರಿ, ಮೊಹರಿನ ಕಡೆ ಹೊರಟೆವು. ಊರಿಂದ ಬಂದಿದ್ದ ಅಮ್ಮನೂ ಜೊತೆಗೆ. ಮೊಮ್ಮಗನನ್ನು ಯಾರೋ ಪರೀಕ್ಷೆ ಮಾಡುತ್ತಾರೆ ಅಂದರೆ ಅವಳು ಮನೆಯಲ್ಲಿ ಕೂರುವವಳೇ? ಕತ್ತಲಿರುವಾಗಲೇ ಗಾಡಿ ಹತ್ತಿ ಹೋದರೆ ನಮಗಿಂತ ಮುಂಚೆ ಕತ್ತಲಿಗೆ ಎದ್ದವರು ನೂರು ಜನ. 10 ರೂಪಾಯಿಗೆ ಕೇಸ್ ಪೇಪರ್. ಆಮೇಲೆ ಬೆಂಚು. ಮಗ ಮೊದಲ ಗಂಟೆ ಫ್ಯಾನು ಎಣಿಸಿದ, ಎರಡನೇ ಗಂಟೆ ಕೆಟ್ಟ ಫ್ಯಾನು ಎಣಿಸಿದ. ಆಮೇಲೆ ಓಡತೊಡಗಿದ. "ಏ, ಶಾಂತ ಬಸ್!" ಅಂತ ವಾಚ್‌ಮನ್ ಮರಾಠಿಯಲ್ಲಿ ಗದರಿದ. ಹನ್ನೆರಡಕ್ಕೆ ನಂಬರ್ ಬರುವಷ್ಟರಲ್ಲಿ ಹುಡುಗ ಅಜ್ಜಿಯ ತೊಡೆ ಮೇಲೆ ಗೊರಕೆ ಹೊಡೆಯುತ್ತಿದ್ದ. ಇಡೀ ಓಪಿಡಿಯಲ್ಲಿ ಅವನಷ್ಟು ಶಾಂತವಾದ ಮಗು ಇನ್ನೊಂದಿರಲಿಲ್ಲ.

ಅವನನ್ನು ಎಬ್ಬಿಸಿಕೊಂಡು ಒಳಗೆ ಹೋದೆವು. ಡಾಕ್ಟರ್ ಚಿಕ್ಕ ವಯಸ್ಸಿನವರು. ಮೇಜಿನ ಮೇಲೆ ಆರಿದ ಚಹಾ. ನಿಜ ಹೇಳಬೇಕೆಂದರೆ, ಈ ಒಟ್ಟು ಓಡಾಟದಲ್ಲಿ ಮಗನ ಹತ್ತಿರ ಮಗನ ಬಗ್ಗೆ ಮಾತಾಡಿದವರು ಅವರೊಬ್ಬರೇ. ಒಂದೇ ಸಲ ನೋಡಿ ಹೇಳಲಾಗುವುದಿಲ್ಲ, ಮನೆ ಮತ್ತು ಶಾಲೆ ಎರಡೂ ಕಡೆಯ ಮಾತು ಬೇಕು, ಲಕ್ಷಣ ಕನಿಷ್ಠ 6 ತಿಂಗಳು ಇರಬೇಕು ಅಂದರು. ಮುಂದಿನ ತಾರೀಕು ಕೊಟ್ಟಿದ್ದು 7 ತಿಂಗಳಿಗೆ. ಇನ್ನು ಲಕ್ಷಣಗಳಿಗೆ ಸಮಯ ಸಾಲಲಿಲ್ಲ ಅಂತ ಯಾರೂ ದೂರುವ ಹಾಗಿಲ್ಲ.

"ಮೊಹರು?" ಅಂದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಹೆಸರುಗಳಿವೆ. ಆಟಿಸಂ ಇದೆ, ಕಲಿಕೆಯ ತೊಂದರೆ ಇದೆ. ಎಡಿಎಚ್‌ಡಿ ಇಲ್ಲ. "ಕಲಿಕೆಯ ತೊಂದರೆಯೂ ಇದ್ದರೆ ಸರ್ಟಿಫಿಕೇಟ್ ಮಾಡಿಕೊಡಬಹುದು" ಅಂದರು ಡಾಕ್ಟರ್, ಪಾಪ, ಮೆಲ್ಲಗೆ. ನಾನೂ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಹೇಳಲು ನಾಚಿಕೆ. ದೇವರೇ, ಮಗನಿಗೆ ಅದೂ ಒಂದು ಇರಲಿ ಅಂತ ಇಬ್ಬರೂ ಒಂದು ಕ್ಷಣ ಬೇಡಿಕೊಂಡಿದ್ದೆವು.

ಹೊರಗೆ ಬಂದಾಗ ಮಗ ಕೇಸ್ ಪೇಪರ್ ಕಿತ್ತುಕೊಂಡು ಓದತೊಡಗಿದ.

"ಅಪ್ಪಾ, ನನಗೆ 90 ವರ್ಷಾನಾ?"

ನೋಡಿದೆ. ಹೌದು, 9ರ ಮುಂದೆ ಒಂದು ಸೊನ್ನೆ. ಕೌಂಟರಿನವರು, ವಾಚ್‌ಮನ್, ಡಾಕ್ಟರ್, ನಾನು, ನನ್ನ ಹೆಂಡತಿ, ಯಾರಿಗೂ ಕಂಡಿರಲಿಲ್ಲ. ಗಮನವಿಲ್ಲದ ಹುಡುಗನಿಗೆ ಕಂಡಿತು.

ತಿದ್ದಿಸಲು 4ನೇ ಕಿಟಕಿಗೆ ಹೋಗಬೇಕಂತೆ. ಸಾಲು ಮೆಟ್ಟಿಲಿಳಿದು ಗೇಟಿನ ತನಕ ಇತ್ತು. ನಾನು ಹೊರಟವನನ್ನು ಅಮ್ಮ ತಡೆದಳು.

"ಇರ್ಲಿ ಬಿಡೋ. ಮುದುಕರ ಸಾಲು ಚಿಕ್ಕದಿದೆ."