ಬ್ಯಾಂಕಿನವರಿಗೆ ಕೆಲಸ ಸಿಕ್ಕರೆ ವಕೀಲರಿಗೂ ಸಿಗುತ್ತಾ?

ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಅಕ್ಕನ ಮಗಳು ಫೋನ್ ಮಾಡಿದಳು. ಬೆಂಗಳೂರಿನಲ್ಲಿ ಐದು ವರ್ಷದ ಲಾ ಕೋರ್ಸು, ಈಗ ಕೊನೆಯ ವರ್ಷ. "ಮಾಮ, ವಾಲ್‌ಸ್ಟ್ರೀಟಲ್ಲಿ ಬ್ಯಾಂಕುಗಳು ಮತ್ತೆ ಜನ ತಗೋತಿದಾವಂತೆ. ಇನ್ನು ಲಾ ಫರ್ಮ್‌ಗಳೂ ತಗೊಳ್ತವೆ ಅಲ್ವಾ? ನ್ಯೂಯಾರ್ಕಿಗೆ ಎಲ್‌ಎಲ್‌ಎಂ ಮಾಡೋಕೆ ಹೋಗ್ಬಿಡ್ಲಾ?" ಅಂದಳು. "ಅದನ್ನೇ ನಂಬ್ಕೊಂಡು ಹೋದವನು ಕಣೇ ನಾನು" ಅಂದೆ. ಅವಳಿಗೆ ಸಿಟ್ಟು ಬಂತು. ಫೋನಿನಲ್ಲಿ ಹೇಳಿದ್ದು ಅರ್ಧಂಬರ್ಧ ಆಯಿತು, ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಕಾಫಿ ತಂದುಕೊಂಡು ಓದಿ.

ನಾನು ಎಲ್‌ಎಲ್‌ಎಂ (ಲಾ ಮುಗಿದ ಮೇಲೆ ಮಾಡುವ ಮಾಸ್ಟರ್ಸ್ ಡಿಗ್ರಿ) ಓದಲು ನ್ಯೂಯಾರ್ಕಿಗೆ ಹೋಗಿದ್ದು 2009ರ ಆಗಸ್ಟಿನಲ್ಲಿ. ಲೀಮನ್ ಬ್ರದರ್ಸ್ ಅನ್ನೋ ಅಮೆರಿಕದ ದೊಡ್ಡ ಬ್ಯಾಂಕು ಮುಳುಗಿ ಇನ್ನೂ ವರ್ಷ ತುಂಬಿರಲಿಲ್ಲ. ದಾವಣಗೆರೆಯ ಸೈಟಿನ ಪತ್ರ ಬ್ಯಾಂಕಿನಲ್ಲಿಟ್ಟು ಅಪ್ಪ ಸಾಲ ಕೊಡಿಸಿದ್ದರು, 30 ಲಕ್ಷದ ಹತ್ತಿರ. "ಇಂಥ ಟೈಮಲ್ಲಿ ಯಾಕೋ" ಅಂತ ಅಮ್ಮ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ರೆಡಿ ಇತ್ತು. ಬ್ಯಾಂಕುಗಳು ಆಗಲೇ ಎದ್ದು ಕೂತಿವೆ ಅಮ್ಮ, ನನ್ನ ಓದು ಮುಗಿಯುವಷ್ಟರಲ್ಲಿ ವಕೀಲರದ್ದೂ ಸರಿಹೋಗಿರುತ್ತದೆ.

ಮೊದಲ ಅರ್ಧ ನಿಜವೇ. ಅಮೆರಿಕ ಸರ್ಕಾರ 70,000 ಕೋಟಿ ಡಾಲರ್ ನೆರವಿಗೆ ಒಪ್ಪಿಗೆ ಕೊಟ್ಟಿತ್ತು. ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಹತ್ತಿರಕ್ಕೆ ಇಳಿಸಿತ್ತು. ಬಡ್ಡಿಯೇ ಇಲ್ಲದಂಥ ದುಡ್ಡು ತಂದು ವ್ಯಾಪಾರ ಮಾಡಿದರೆ ಯಾರಿಗೆ ಲಾಭ ಬರಲ್ಲ ಹೇಳಿ? ಗೋಲ್ಡ್‌ಮನ್ ಸ್ಯಾಕ್ಸ್ ಅನ್ನೋ ಬ್ಯಾಂಕು ಒಂದೇ 2009ರಲ್ಲಿ 1,300 ಕೋಟಿ ಡಾಲರ್‌ಗಿಂತ ಜಾಸ್ತಿ ಲಾಭ ತೋರಿಸಿತು. ಬೋನಸ್ ಸುದ್ದಿ ದಿನಾ ಪೇಪರಿನಲ್ಲಿ.

ವಕೀಲರ ಕಡೆ ನೋಡಿ. ಅದೇ 2009ರ ಫೆಬ್ರವರಿಯಲ್ಲಿ ಲೇಥಮ್ ಅಂಡ್ ವಾಟ್ಕಿನ್ಸ್ ಅನ್ನೋ ಲಾ ಫರ್ಮು ಒಂದೇ ಏಟಿಗೆ 440 ಜನರನ್ನು ಮನೆಗೆ ಕಳಿಸಿತು, ಅದರಲ್ಲಿ 190 ಜನ ವಕೀಲರು. ಸ್ಕ್ಯಾಡನ್ ಅನ್ನೋ ದೊಡ್ಡ ಫರ್ಮು ತನ್ನ ವಕೀಲರಿಗೆ, ಇಷ್ಟವಿದ್ದರೆ ಒಂದು ವರ್ಷ ಆಫೀಸಿಗೆ ಬರಬೇಡಿ, ಸಂಬಳದಲ್ಲಿ ಮೂರನೇ ಒಂದು ಭಾಗ ಕೊಡುತ್ತೇವೆ, ಏನಾದರೂ ಮಾಡಿಕೊಂಡಿರಿ ಅಂದಿತು. ಆಫರ್ ಕೊಟ್ಟಾಗಿದ್ದ ಹುಡುಗರಿಗೆ ಎಷ್ಟೋ ಫರ್ಮುಗಳು "ಮುಂದಿನ ವರ್ಷ ಬನ್ನಿ" ಅಂತ ಮೇಲ್ ಕಳಿಸಿದವು.

2010ರ ಜನವರಿ ಕೊನೆಗೆ ನಮ್ಮಂಥ ಹೊರದೇಶದವರಿಗೆ ಅಂತಲೇ ಸಂದರ್ಶನ ಮೇಳ. ಚಿಕ್ಕಪೇಟೆಯಲ್ಲಿ ಹೊಲಿಸಿದ ಸೂಟು ಹಾಕಿಕೊಂಡು ಹೋದೆ. ನನಗೆ ಸಿಕ್ಕಿದ್ದು ಎರಡೇ ಸಂದರ್ಶನ. ಎರಡನೆಯವರು ಒಳ್ಳೆಯ ಮನುಷ್ಯ. ಇಪ್ಪತ್ತು ನಿಮಿಷ ಮೈಸೂರು, ಮಸಾಲೆ ದೋಸೆ ಎಲ್ಲ ಮಾತಾಡಿ ಆಮೇಲೆ ಮೆಲ್ಲಗೆ ಹೇಳಿದರು: ಈ ವರ್ಷ ನಾವು ಯಾರನ್ನೂ ತೆಗೆದುಕೊಳ್ಳುತ್ತಿಲ್ಲ, ಬರುತ್ತೇವೆ ಅಂತ ಮೊದಲೇ ಹೇಳಿಬಿಟ್ಟಿದ್ದೆವು, ಅದಕ್ಕೇ ಬಂದಿದ್ದೇವೆ. ಹೋಗುವಾಗ ಫರ್ಮಿನ ಹೆಸರಿದ್ದ ಪೆನ್ನು ಕೊಟ್ಟರು. ಚೆನ್ನಾಗಿ ಬರೆಯುತ್ತಿತ್ತು. ಜುಲೈನಲ್ಲಿ ಜಾವಿಟ್ಸ್ ಸೆಂಟರಿನ ಆ ದೊಡ್ಡ ಹಾಲಿನಲ್ಲಿ ಬಾರ್ ಪರೀಕ್ಷೆ (ಅಲ್ಲಿ ವಕೀಲನಾಗಲು ಪಾಸಾಗಬೇಕಾದ ಪರೀಕ್ಷೆ) ಬರೆದಿದ್ದು ಅದೇ ಪೆನ್ನಿನಲ್ಲಿ.

ಯಾಕೆ ಹೀಗಾಯಿತು ಅಂತ ಆಗ ಗೊತ್ತಾಗಲಿಲ್ಲ. ಈಗ ಕಂಪನಿಯೊಂದರ ಕಾಂಟ್ರಾಕ್ಟ್ ವಿಭಾಗದಲ್ಲಿ ಕೂತು, ಅದೇ ಫರ್ಮುಗಳ ಬಿಲ್ಲು ನೋಡುವ ಕಡೆ ಇದ್ದೇನೆ, ಸ್ವಲ್ಪ ಅರ್ಥವಾಗುತ್ತದೆ. ಬ್ಯಾಂಕು ಷೇರು, ಬಾಂಡು ಕೊಂಡು ಮಾರಿ ಲಾಭ ಮಾಡಿದರೆ ವಕೀಲನಿಗೆ ಅದರಲ್ಲಿ ಹೆಚ್ಚೇನೂ ಕೆಲಸ ಇಲ್ಲ. ಒಂದು ಕಂಪನಿ ಇನ್ನೊಂದನ್ನು ಕೊಳ್ಳಬೇಕು, ಹೊಸ ಐಪಿಒ (ಕಂಪನಿ ಮೊದಲ ಸಲ ಜನರಿಗೆ ಷೇರು ಮಾರುವುದು) ಬರಬೇಕು, ದೊಡ್ಡ ಸಾಲ ಏಳಬೇಕು. ಆಗ ಕೊಳ್ಳುವವರಿಗೆ ಒಂದು ತಂಡ, ಮಾರುವವರಿಗೆ ಒಂದು, ಸಾಲ ಕೊಡುವ ಬ್ಯಾಂಕಿಗೆ ಇನ್ನೊಂದು. ಬಾಡಿಗೆ ಕರಾರಿನಿಂದ ಹಿಡಿದು ಎಲ್ಲ ಕಾಗದ ಓದಲು ರಾತ್ರಿಯಿಡೀ ಕೂರುವ ಹುಡುಗರು ಬೇಕು. ಛತ್ರಕ್ಕೆ ಸುಣ್ಣ ಬಳಿಸಿದರು ಅಂತ ವಾಲಗದವರು ಕುಣಿದರೆ ಆಗುತ್ತಾ? ಮದುವೆ ಗೊತ್ತಾಗಬೇಕು. 2009ರಲ್ಲಿ ಛತ್ರ ಝಗಮಗ ಅನ್ನುತ್ತಿತ್ತು, ಮದುವೆಗಳೇ ಇರಲಿಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಅಲ್ಲಿ ಲಾ ಫರ್ಮು ಜನ ತೆಗೆದುಕೊಳ್ಳುವುದು ಎರಡು ವರ್ಷ ಮೊದಲೇ. ಎರಡನೇ ವರ್ಷದ ವಿದ್ಯಾರ್ಥಿಯನ್ನು ಆಗಸ್ಟಿನ ಹೊತ್ತಿಗೆ ಸಂದರ್ಶನ ಮಾಡಿ, ಮುಂದಿನ ಬೇಸಿಗೆಗೆ ಕರೆಸಿ, ಅದರ ಮುಂದಿನ ವರ್ಷ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದರು. ಅಂದರೆ ಫರ್ಮು ಎರಡು ವರ್ಷದಾಚೆಯ ಮಳೆ ನೋಡಿ ಈಗ ಬಿತ್ತಬೇಕು. ಹೆದರಿದವನು ಬಿತ್ತುತ್ತಾನಾ? ಹಾಗಾಗಿ ಬ್ಯಾಂಕುಗಳು ಬೋನಸ್ ಹಂಚುತ್ತಿದ್ದ 2009ರಲ್ಲೇ 2011ರ ಬ್ಯಾಚಿನ ಹಣೆಬರಹ ಮುಗಿದುಹೋಗಿತ್ತು. ನಾಲ್ಪ್ ಅನ್ನುವ ಸಂಸ್ಥೆ ವರ್ಷವರ್ಷ ಲೆಕ್ಕ ಇಡುತ್ತದೆ: ಅಮೆರಿಕದಲ್ಲಿ 2007ರಲ್ಲಿ ಲಾ ಪಾಸಾದವರಲ್ಲಿ ಶೇ 91.9 ಜನಕ್ಕೆ ಕೆಲಸ ಸಿಕ್ಕಿತ್ತು, 2013ರ ಬ್ಯಾಚಿಗೆ ಅದು ಶೇ 84.5ಕ್ಕೆ ಇಳಿದಿತ್ತು. 2013! ಅಷ್ಟು ಹೊತ್ತಿಗೆ ಷೇರುಪೇಟೆ ಹಳೆಯ ದಾಖಲೆಯನ್ನೇ ಮುರಿದಿತ್ತು. ಆ ಶೇ 84.5ರಲ್ಲೂ ವಕೀಲಿಕೆ ಅಲ್ಲದ ಕೆಲಸ, ಅರ್ಧ ದಿನದ ಕೆಲಸ ಎಲ್ಲ ಸೇರಿದೆ.

ನನಗೆ ಕೊನೆಗೆ ಸಿಕ್ಕಿದ್ದು ಡಾಕ್ಯುಮೆಂಟ್ ರಿವ್ಯೂ, ಗಂಟೆಗೆ 30 ಡಾಲರ್. ಕಿಟಕಿಯೇ ಇಲ್ಲದ ನೆಲಮಾಳಿಗೆ, ಉದ್ದ ಟೇಬಲ್ಲು, ನಲವತ್ತು ಜನ. ಸ್ಕ್ರೀನಿನಲ್ಲಿ ಒಂದೊಂದೇ ಮೇಲ್ ಬರುತ್ತದೆ, ಕೇಸಿಗೆ ಸಂಬಂಧ ಇದೆಯೋ ಇಲ್ಲವೋ ಗುಂಡಿ ಒತ್ತಬೇಕು. ಯಾರೋ ಟ್ರೇಡರ್ ಹೆಂಡತಿಗೆ "ಬರ್ತಾ ಹಾಲು ತರಬೇಕಾ" ಅಂತ ಕೇಳಿದ್ದಾನೆ. ಸಂಬಂಧವಿಲ್ಲ. ಮುಂದಿನದು. ತಮಾಷೆ ಏನೆಂದರೆ ಆ ಕೇಸು ಮನೆಸಾಲದ ಬಾಂಡುಗಳ ಮೇಲೆ, ಬ್ಯಾಂಕುಗಳು ಮಾಡಿಕೊಂಡ ರಾಡಿಯ ಮೇಲೆ. ಬ್ಯಾಂಕು ಚೇತರಿಸಿಕೊಂಡು ನನಗೆ ಕೆಲಸ ಕೊಡಲಿಲ್ಲ, ಮುಳುಗಿದ್ದಕ್ಕೆ ಕೊಟ್ಟಿತು. ಲೀಮನ್ ದಿವಾಳಿ ಕೇಸು ನಡೆಸಿದ ವೈಲ್ ಗಾಟ್ಶಲ್ ಫರ್ಮಿಗೂ ಹಾಗೇ, ಆ ಒಂದೇ ಕೇಸಿನಲ್ಲಿ ಕೋಟಿಗಟ್ಟಲೆ ಡಾಲರ್ ಫೀಸು ಬಂತು.

ಆ ಗುಂಡಿ ಒತ್ತುವ ಕೆಲಸವೂ ಉಳಿಯಲಿಲ್ಲ. 2010ರ ನವೆಂಬರಿನಲ್ಲಿ ಥಾಮ್ಸನ್ ರಾಯ್ಟರ್ಸ್, ಪ್ಯಾಂಜಿಯಾ3 ಅನ್ನೋ ಕಂಪನಿಯನ್ನು ಕೊಂಡಿತು. ಅವರ ದಂಧೆಯೇ ಇಂಥ ಕೆಲಸವನ್ನು ಭಾರತದ ವಕೀಲರಿಂದ ಮಾಡಿಸುವುದು. 2011ರಲ್ಲಿ ವೀಸಾ ಮುಗಿದು ನಾನು ವಾಪಸ್ ಬಂದರೆ, ಬೆಂಗಳೂರಿನಲ್ಲಿ ನನ್ನ ಜೂನಿಯರ್‌ಗಳು ಅದೇ ಥರದ ಮೇಲ್‌ಗಳಿಗೆ ಗುಂಡಿ ಒತ್ತುತ್ತಿದ್ದರು. ಗಂಟೆ ಲೆಕ್ಕ ಇಲ್ಲ, ತಿಂಗಳ ಸಂಬಳ.

ಹಾಗಂತ ಎರಡಕ್ಕೂ ಸಂಬಂಧವೇ ಇಲ್ಲ ಅಂತಲ್ಲ. 2021 ನೋಡಿ. ಕಂಪನಿ ಕೊಳ್ಳುವ ಮಾರುವ ವ್ಯವಹಾರ ಜಗತ್ತಿನಲ್ಲೇ ದಾಖಲೆ. ನ್ಯೂಯಾರ್ಕಿನ ದೊಡ್ಡ ಫರ್ಮುಗಳಲ್ಲಿ ಹೊಸ ವಕೀಲನ ಸಂಬಳ 1,90,000 ಡಾಲರ್ ಇದ್ದದ್ದು 2,05,000 ಆಯಿತು, ಮುಂದಿನ ವರ್ಷದ ಶುರುವಿಗೇ 2,15,000. ಬ್ಯಾಂಕರೂ ವಕೀಲರೂ ಜೋಡಿ ಎತ್ತಿನ ಹಾಗೆ ಓಡಿದರು. 2022ರ ಮಾರ್ಚಿನಿಂದ ಬಡ್ಡಿ ಏರಿತು, ಡೀಲುಗಳು ನಿಂತವು, ನವೆಂಬರಿಗೆ ಕೂಲಿ ಅನ್ನೋ ಫರ್ಮು (ಹೆಸರೇ ಹಾಗೆ, ನಗಬೇಡಿ) 150 ಜನರನ್ನು ತೆಗೆಯಿತು, ಅರ್ಧಕ್ಕರ್ಧ ವಕೀಲರೇ.

ಹಾಗಾಗಿ ಬ್ಯಾಂಕು ಯಾರನ್ನು ತೆಗೆದುಕೊಳ್ಳುತ್ತಿದೆ ಅಂತ ಕೇಳಬೇಕು. ಡೀಲ್ ಮಾಡಿಸುವವರನ್ನೋ, ಟ್ರೇಡರ್‌ಗಳನ್ನೋ, ಸಾಫ್ಟ್‌ವೇರ್‌ನವರನ್ನೋ? ಎಲ್ಲಿ ಅಂತಲೂ ಕೇಳಬೇಕು. ನ್ಯೂಯಾರ್ಕ್ ಬಿಟ್ಟರೆ ಗೋಲ್ಡ್‌ಮನ್ ಸ್ಯಾಕ್ಸಿನ ಅತಿ ದೊಡ್ಡ ಆಫೀಸು ಇರುವುದೇ ನಮ್ಮ ಬೆಂಗಳೂರಿನಲ್ಲಿ. ಇಲ್ಲಿನ ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿಗೆ ಇನ್ನೊಂದಷ್ಟು ಜನ ಸೇರಿದರೆ ಮ್ಯಾನ್‌ಹಟನ್ನಿನ ಲಾ ಫರ್ಮಿಗೆ ಏನು ಬಂತು?

ನಮ್ಮ ಹುಡುಗಿಯ ಪ್ರಶ್ನೆ ಇನ್ನೂ ಒಂದು ಮೆಟ್ಟಿಲು ಆಚೆ ಇದೆ. ನ್ಯೂಯಾರ್ಕಿನಲ್ಲಿ ಕೆಲಸ ಹೆಚ್ಚಿದರೂ ಅದು ಮೊದಲು ಹೋಗುವುದು ಅಲ್ಲಿಯೇ ಮೂರು ವರ್ಷ ಜೆಡಿ (ಅಲ್ಲಿನ ಲಾ ಡಿಗ್ರಿ) ಓದಿದವರಿಗೆ. ನಮ್ಮ ಕ್ಲಾಸಿನಲ್ಲಿದ್ದ ಜಪಾನಿನವರು ನಿಶ್ಚಿಂತೆಯಾಗಿದ್ದರು, ಅವರನ್ನು ಅವರವರ ಫರ್ಮುಗಳೇ ಖರ್ಚು ಹಾಕಿ ಕಳಿಸಿದ್ದವು. ಭಾರತದಲ್ಲಿ ಹೊರದೇಶದ ಫರ್ಮುಗಳಿಗೆ ಆಫೀಸು ತೆರೆಯಲು ಬಾರ್ ಕೌನ್ಸಿಲ್ ನಿಯಮ ಮಾಡಿದ್ದೇ 2023ರಲ್ಲಿ, ಅದೂ ನೂರೆಂಟು ಷರತ್ತಿನ ಮೇಲೆ. ನಮ್ಮವರನ್ನು ಅವರು ತೆಗೆದುಕೊಂಡು ಏನು ಮಾಡಬೇಕು? ಎಲ್‌ಎಲ್‌ಎಂ ಆದಮೇಲೆ ಅಲ್ಲಿ ಕೆಲಸ ಮಾಡಲು ಸಿಗುವುದು ಒಂದು ವರ್ಷ. ಇಂಜಿನಿಯರ್‌ಗಳಿಗೆ ಸಿಗುವ ಹೆಚ್ಚುವರಿ ಎರಡು ವರ್ಷ ಲಾ ಓದಿದವರಿಗೆ ಇಲ್ಲ.

ಇದನ್ನೆಲ್ಲ ಅವಳಿಗೆ ಎರಡು ದಿನ ವಾಯ್ಸ್ ಮೆಸೇಜಿನಲ್ಲಿ ಹೇಳಿದೆ. ಓದಬೇಡ ಅನ್ನಲಿಲ್ಲ. ಬ್ಯಾಂಕಿನ ಸುದ್ದಿ ನೋಡಿ ಹೋಗಬೇಡ, ಸ್ಕಾಲರ್‌ಶಿಪ್ ಸಿಕ್ಕರೆ ಹೋಗು, ಇಲ್ಲಾ ಎರಡು ವರ್ಷ ಇಲ್ಲೇ ಡೀಲ್ ಕೆಲಸ ಕಲಿತು ಆಮೇಲೆ ಹೋಗು ಅಂದೆ. ಎಲ್ಲಕ್ಕೂ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದಳು. ಇವತ್ತು ಬೆಳಿಗ್ಗೆ ಅವಳದ್ದೇ ಮೆಸೇಜು: "ಮಾಮ, ಅಡ್ಮಿಷನ್ ಸಿಕ್ತು! ಸಾಲಕ್ಕೆ ಜಾಮೀನು ನೀನೇ ಹಾಕ್ಬೇಕು." ಜೊತೆಗೆ ಬ್ಯಾಂಕಿನ ಷರತ್ತುಗಳು, ಮೂವತ್ತೆರಡು ಪುಟ. ಕನ್ನಡಕ ಹುಡುಕುತ್ತಿದ್ದೇನೆ.